ಅರಸನ ಮುಖವಿಲ್ಲದ ನಾಣ್ಯ

ಜನವರಿಯ ಮೂರನೆಯ ವಾರ ತುಂಬುವ ಹೊತ್ತಿಗೆ, ಬೆಳಗಿನ ಮಂಜು ಇನ್ನೂ ಇಂಡಿಯಾ ಗೇಟಿನ ಕಮಾನನ್ನು ಮುಚ್ಚಿಕೊಂಡಿರುವಾಗಲೇ, ಕರ್ತವ್ಯಪಥದ ಇಕ್ಕೆಲಗಳಲ್ಲಿ ಆಸನಗಳ ಸಾಲುಗಳು ಏಳತೊಡಗುತ್ತವೆ. ಹಿಂದಿಯವರು ‘ಗಣತಂತ್ರ ದಿವಸ’ವೆಂದೂ ಕನ್ನಡಿಗರಾದ ನಾವು ‘ಗಣರಾಜ್ಯೋತ್ಸವ’ವೆಂದೂ ಕರೆಯುವ ಆ ದಿನಕ್ಕಾಗಿ ದೆಹಲಿ ಸಜ್ಜಾಗುವುದನ್ನು ಪ್ರತಿವರ್ಷವೂ ನೋಡುವವರಲ್ಲಿ, ಆ ಎರಡು ಹೆಸರುಗಳಿಗೂ ಸಮಾನವಾಗಿರುವ ‘ಗಣ’ವೆಂಬ ಎರಡಕ್ಷರದ ಮಾತು ಎಲ್ಲಿಯದೆಂದು ವಿಚಾರಿಸುವವರು ವಿರಳ. ನಮಗೆ ಗಣವೆಂದರೆ ಶಿವಗಣ, ಪ್ರಮಥಗಣ. ಗಣಗಳಿಗೆ ಒಡೆಯನಾದವನು ಗಣಪತಿ. ಪದ್ಯ ಓದಿದವರಿಗೆ ಅಂಶಗಣ, ಮಾತ್ರಾಗಣ. ಮದುವೆಯ ಜಾತಕ ಕೂಡಿಸುವವರಿಗೆ ದೇವಗಣ, ರಾಕ್ಷಸಗಣ. ಈ ಎಲ್ಲ ಅರ್ಥಗಳ ಬುಡದಲ್ಲಿರುವ ಧಾತುವಿಗೆ ‘ಎಣಿಸು’ ಎಂದು ಅರ್ಥ. ಗಣಿತ, ಗಣನೆ, ಜನಗಣತಿ ಎಲ್ಲವೂ ಅದರ ಮಕ್ಕಳೇ. ಒಬ್ಬನ ಇಚ್ಛೆಯಂತಲ್ಲದೆ, ಎಣಿಕೆಗೆ ಬರುವ ಹಲವರ ಇಚ್ಛೆಯಂತೆ ನಡೆಯುವ ರಾಜ್ಯವೇ ಗಣರಾಜ್ಯ.

ಶಾಲೆಯಲ್ಲಿ ನಾವು ಕಲಿತ ಗಣರಾಜ್ಯವಾದರೋ ರೋಮಿನದು. ಟಾರ್ಕ್ವಿನನೆಂಬ ದರ್ಪಿಷ್ಠ ದೊರೆಯನ್ನು ಕ್ರಿ. ಪೂ. 509ರಲ್ಲಿ ಹೊರದೂಡಿದ ರೋಮನ್ನರ ಕಥೆ, ಇಬ್ಬರು ಕಾನ್ಸಲರ ಕಥೆ, ಸೀಸರನ ಕೊಲೆಯ ಕಥೆ ಇವುಗಳನ್ನು ಮೈಸೂರು ಧಾರವಾಡಗಳ ಹೈಸ್ಕೂಲುಗಳಲ್ಲಿ ಮೂರು ತಲೆಮಾರಿನವರು ಬಾಯಿಪಾಠ ಮಾಡಿದ್ದಾರೆ. ಅದರಲ್ಲಿ ತಪ್ಪೇನೂ ಇಲ್ಲ. ರೋಮಿನ ಚರಿತ್ರೆ ಓದತಕ್ಕದ್ದೇ. ಆದರೆ ರಾಷ್ಟ್ರಪತಿ ಭವನದಿಂದ ವಾಯವ್ಯಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರು ದೂರದಲ್ಲಿ, ಇಂದು ರಾಷ್ಟ್ರ ರಾಜಧಾನಿ ವಲಯವೆಂದು ಕರೆಯಿಸಿಕೊಳ್ಳುವ ಸೀಮೆಯೊಳಗೇ, ರೋಮಿನ ಗಣರಾಜ್ಯ ಬದುಕಿದ್ದ ಕಾಲದಲ್ಲಿಯೂ ಅದು ಸತ್ತು ಮೂರು ಶತಮಾನಗಳು ಕಳೆದ ಮೇಲೆಯೂ ಬಾಳಿದ ಗಣವೊಂದಿತ್ತೆಂಬುದನ್ನು ಆ ಪಾಠಗಳಲ್ಲಿ ಯಾರೂ ನಮಗೆ ಹೇಳಲಿಲ್ಲ. ಆ ಗಣದ ಹೆಸರು ಯೌಧೇಯ.

ಹಳೆಯ ದೆಹಲಿಯ ನಿಲ್ದಾಣದಿಂದ ಬಠಿಂಡಾದ ಕಡೆಗೆ ಹೊರಡುವ ರೈಲು ಬಹಾದುರ್‌ಗಢ, ಸಾಂಪ್ಲಾಗಳನ್ನು ದಾಟಿ ರೋಹ್ಟಕ್ ಸೇರುತ್ತದೆ. ಊರಿಗೆ ಅಂಟಿಕೊಂಡೇ ಖೋಖ್ರಾಕೋಟ್ ಎಂಬ ಹಾಳುದಿಬ್ಬವಿದೆ. ಚಳಿಗಾಲದ ಒಂದು ಮಧ್ಯಾಹ್ನ ನಾನು ಆ ದಿಬ್ಬವನ್ನೇರಿದಾಗ ಕಾಲಡಿಯಲ್ಲಿ ಸಿಕ್ಕಿದ್ದು ಇಟ್ಟಿಗೆಯ ಚೂರು, ಮಡಕೆಯ ಓಡು, ಧೂಳು. ಹಂಪೆಯ ಕಲ್ಲನ್ನು ಕಂಡು ಬೆಳೆದ ಕಣ್ಣಿಗೆ ಅದು ಏನೂ ಅಲ್ಲವೆಂದೇ ತೋರಬಹುದು. ಗಂಗೆ ಯಮುನೆಗಳ ಬಯಲಿನವರು ಕಲ್ಲಿಲ್ಲದೆ ಮಣ್ಣಿನಲ್ಲಿಯೇ ಕಟ್ಟಿದವರು. ಮಣ್ಣು ಮಣ್ಣನ್ನು ಸೇರುವುದು ಸಹಜ. ಆದರೆ ಈ ದಿಬ್ಬದ ಮಣ್ಣು ಒಂದು ಸಂಗತಿಯನ್ನು ಜೋಪಾನವಾಗಿ ಕಾಪಾಡಿಕೊಂಡಿತ್ತು.

1936ರಲ್ಲಿ, ಲಖನೌ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕರಾದ ಬೀರಬಲ್ ಸಾಹನಿಯವರು ಈ ದಿಬ್ಬಕ್ಕೆ ಬಂದರು. ಕೋಟ್ಯಂತರ ವರ್ಷಗಳ ಹಿಂದಿನ ಗಿಡಮರಗಳು ಶಿಲೆಯಲ್ಲಿ ಬಿಟ್ಟ ಗುರುತುಗಳನ್ನು ಓದುವುದು ಅವರ ಶಾಸ್ತ್ರ. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತ್ತು. ಎಲೆಯ ನರವನ್ನು ಕಲ್ಲಿನಲ್ಲಿ ಗುರುತಿಸಬಲ್ಲ ಆ ಕಣ್ಣು ದಿಬ್ಬದ ಮೇಲೆ ಬಿದ್ದಿದ್ದ ಸುಟ್ಟ ಮಣ್ಣಿನ ಚೂರೊಂದರಲ್ಲಿ ಅಕ್ಷರಗಳ ತಿರುವುಮುರುವು ಗುರುತನ್ನು ಕಂಡಿತು. ಹುಡುಕಿದಂತೆಲ್ಲ ಅಂಥವೇ ಚೂರುಗಳು ಸಾವಿರಗಟ್ಟಲೆ ದೊರೆತವು. ಅವು ನಾಣ್ಯದ ಅಚ್ಚುಗಳು. ಅವರು ನಿಂತಿದ್ದುದು ಯೌಧೇಯರ ಟಂಕಸಾಲೆಯ ಕಸದ ಗುಂಡಿಯ ಮೇಲೆ. ತಮ್ಮ ವೃತ್ತಿಗೆ ಸಂಬಂಧವಿಲ್ಲದ ಈ ವಿಷಯಕ್ಕೆ ಸಾಹನಿಯವರು ವರ್ಷಗಟ್ಟಲೆ ಮನಸ್ಸು ಕೊಟ್ಟು, ಪ್ರಾಚೀನ ಭಾರತದಲ್ಲಿ ನಾಣ್ಯ ಎರಕ ಹೊಯ್ಯುತ್ತಿದ್ದ ವಿಧಾನವನ್ನು ಕುರಿತು 1945ರಲ್ಲಿ ಪ್ರೌಢ ಪ್ರಬಂಧವೊಂದನ್ನು ಪ್ರಕಟಿಸಿದರು.

ಆ ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಹಸಿ ಜೇಡಿಮಣ್ಣನ್ನು ಬಿಲ್ಲೆಯಾಗಿ ತಟ್ಟಿ, ಅದರ ಮುಖದ ಮೇಲೆ ಹಲವು ನಾಣ್ಯಗಳ ಗುರುತನ್ನು ವರ್ತುಲಾಕಾರವಾಗಿ ಒತ್ತಿ, ಪ್ರತಿಯೊಂದು ಗುರುತಿನಿಂದಲೂ ನಡುವಿನ ರಂಧ್ರಕ್ಕೆ ಸಣ್ಣ ಕಾಲುವೆಯನ್ನು ಕೊರೆದು, ಇಂಥ ಬಿಲ್ಲೆಗಳನ್ನು ತಟ್ಟೆಯಿಡ್ಲಿಯಂತೆ ಒಂದರ ಮೇಲೊಂದು ಪೇರಿಸಿ, ಹೊರಗೆ ಮಣ್ಣು ಮೆತ್ತಿ ಸುಡುತ್ತಿದ್ದರು. ಕರಗಿದ ತಾಮ್ರವನ್ನು ಮೇಲಿನ ಬಾಯಿಯಲ್ಲಿ ಹೊಯ್ದರೆ ಅದು ನಡುವಿನ ರಂಧ್ರದಲ್ಲಿ ಇಳಿದು, ಕಾಲುವೆಗಳಲ್ಲಿ ಹರಿದು, ಒಂದೊಂದು ಪುಟ್ಟ ಗುಳಿಯನ್ನೂ ತುಂಬುವುದು. ಒಂದೇ ಎರಕದಲ್ಲಿ ನಾಣ್ಯಗಳ ಗೊಂಚಲೇ ಸಿದ್ಧವಾಗುವುದು. ಗೊಂಚಲನ್ನು ಬಿಡಿಸಬೇಕಾದರೆ ಅಚ್ಚನ್ನು ಒಡೆಯಲೇಬೇಕು; ಒಡೆದ ಅಚ್ಚು ಗುಂಡಿಗೆ. ನಮ್ಮ ಭಾಗ್ಯಕ್ಕೆ ಆ ಗುಂಡಿ ಎರಡು ಸಾವಿರ ವರ್ಷ ಹಾಗೆಯೇ ಉಳಿಯಿತು.

ಅಚ್ಚಿನಲ್ಲಿ ಕಾಣುವುದೇನು? ಒಂದು ಮಗ್ಗುಲಲ್ಲಿ ಯೂಪಸ್ತಂಭದ ಮುಂದೆ ನಿಂತ ಗೂಳಿ; ಇನ್ನೊಂದರಲ್ಲಿ ಆನೆ; ಬ್ರಾಹ್ಮೀ ಲಿಪಿಯಲ್ಲಿ ‘ಯೌಧೇಯಾನಾಂ ಬಹುಧಾನ್ಯಕೇ’ ಎಂಬ ಬರಹ. ಬಹುಧಾನ್ಯಕವೆಂಬ ನಾಡಿನಲ್ಲಿರುವ ಯೌಧೇಯರದು ಎಂದು ಅರ್ಥ. ಹೇರಳವಾಗಿ ಧಾನ್ಯ ಬೆಳೆಯುವುದರಿಂದ ನಾಡಿಗೆ ಬಹುಧಾನ್ಯಕವೆಂದು ಹೆಸರು. ಇಂದಿಗೂ ಹರಿಯಾಣದ ಗೋಧಿಯ ಹೊಲಗಳ ನಡುವೆ ರೈಲಿನಲ್ಲಿ ಹೋಗುವವನಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ. ಇಲ್ಲಿ ಮುಖ್ಯವಾದ ಸಂಗತಿ ಬರಹದಲ್ಲಿ ಇಲ್ಲದಿರುವುದು. ಇದರಲ್ಲಿ ಯಾವ ದೊರೆಯ ಹೆಸರೂ ಇಲ್ಲ, ಯಾವ ಮನುಷ್ಯನ ಮುಖವೂ ಇಲ್ಲ. ಅದೇ ಶತಮಾನಗಳಲ್ಲಿ ವಾಯವ್ಯದ ಯವನ ದೊರೆಗಳು ತಮ್ಮ ಮೂಗು ಗದ್ದಗಳನ್ನು ಬೆಳ್ಳಿಯಲ್ಲಿ ಅಚ್ಚೊತ್ತಿಸುತ್ತಿದ್ದಾಗ, ಯೌಧೇಯರು ತಮ್ಮನ್ನು ಬಹುವಚನದಲ್ಲಿ ಮಾತ್ರ ಹೇಳಿಕೊಂಡರು.

ಮುಂದೆ ಅವರು ಹೊರಡಿಸಿದ ಇನ್ನೊಂದು ಬಗೆಯ ನಾಣ್ಯಗಳಲ್ಲಿ ಆರು ಮುಖದ ಕಾರ್ತಿಕೇಯನಿದ್ದಾನೆ; ಬರಹವು ಆ ನಾಣ್ಯವನ್ನು ಭಗವಂತನೂ ಸ್ವಾಮಿಯೂ ಆದ ಬ್ರಹ್ಮಣ್ಯದೇವನದೆಂದು ಸಾರುತ್ತದೆ. ರಾಜ್ಯವೇ ದೇವರದು, ನಾವು ಅವನ ಸೇನೆ ಎಂಬ ಭಾವ. ಹಂಪೆಯ ಅರಸರು ತಮ್ಮ ಶಾಸನಗಳ ಕೊನೆಯಲ್ಲಿ ತಮ್ಮ ಹೆಸರಿನ ಬದಲು ‘ಶ್ರೀ ವಿರೂಪಾಕ್ಷ’ ಎಂದು ಒಪ್ಪ ಹಾಕುತ್ತಿದ್ದುದನ್ನು ಬಲ್ಲ ಕನ್ನಡಿಗನಿಗೆ ಈ ಭಾವ ಹೊಸದಲ್ಲ. ಕುಕ್ಕೆಗೂ ಘಾಟಿಗೂ ಹರಕೆ ಹೊತ್ತು ಹೋಗುವ ನಮ್ಮ ಸುಬ್ರಹ್ಮಣ್ಯನೇ ಒಂದು ಕಾಲದಲ್ಲಿ ದೆಹಲಿಯ ಮಗ್ಗುಲಿನ ಗಣರಾಜ್ಯಕ್ಕೆ ಒಡೆಯನಾಗಿದ್ದನೆಂಬುದು ನನಗಂತೂ ಬಹಳ ಹಿತವಾದ ಸಂಗತಿ. ಮಹಾಭಾರತದ ಸಭಾಪರ್ವದಲ್ಲಿ, ಪಶ್ಚಿಮದಿಕ್ಕನ್ನು ಜಯಿಸಹೊರಟ ನಕುಲನು ಮೊದಲಿಗೆ ಬರುವುದು ಕಾರ್ತಿಕೇಯನಿಗೆ ಪ್ರಿಯವಾದ ರೋಹೀತಕಕ್ಕೆ. ರೋಹ್ಟಕ್ ಎಂಬ ಇಂದಿನ ಹೆಸರು ಅದರ ತದ್ಭವ.

ಯೌಧೇಯರ ಪ್ರಾಚೀನತೆಗೆ ಪಾಣಿನಿಯೇ ಸಾಕ್ಷಿ. ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯದಲ್ಲಿ ಆಯುಧಜೀವಿ ಸಂಘಗಳನ್ನು, ಎಂದರೆ ಆಯುಧದಿಂದಲೇ ಜೀವಿಸುವ ಜನರ ಒಕ್ಕೂಟಗಳನ್ನು ಹೇಳುವೆಡೆ ಅವರ ಹೆಸರು ಬರುತ್ತದೆ. ವ್ಯಾಕರಣಕಾರನಿಗೆ ಬೇಕಾದದ್ದು ಪ್ರತ್ಯಯದ ನಿಯಮ ಮಾತ್ರ. ಆ ನಿಯಮದ ನೆಪದಲ್ಲಿ ಅವನು ಒಂದು ರಾಜ್ಯಪದ್ಧತಿಯ ಸುಳಿವನ್ನು ನಮಗೆ ಬಿಟ್ಟುಹೋದನು.

ಆದರೆ ಈ ಗಣ ಆಡಳಿತವನ್ನು ಹೇಗೆ ನಡೆಸುತ್ತಿತ್ತು? ರಾಜಸ್ಥಾನದ ಭರತಪುರ ಜಿಲ್ಲೆಯೂ ಈಗ ರಾಜಧಾನಿ ವಲಯಕ್ಕೆ ಸೇರಿದೆ. ಅಲ್ಲಿನ ಬಯಾನಾದ ಬಳಿ ಬಿಜಯಗಢವೆಂಬ ಕೋಟೆಯಲ್ಲಿ ಒಡೆದ ಶಾಸನವೊಂದು ದೊರೆಯಿತು. ಅದನ್ನು ಓದಿ 1888ರಲ್ಲಿ ಪ್ರಕಟಿಸಿದವರು ನಮಗೆ ಅಪರಿಚಿತರಲ್ಲ. ಬೆಳಗಾವಿ ಧಾರವಾಡ ಸೀಮೆಗಳಲ್ಲಿ ಅಧಿಕಾರಿಯಾಗಿದ್ದು ಹಳಗನ್ನಡ ಶಾಸನಗಳನ್ನೂ ಕನ್ನಡದ ಲಾವಣಿಗಳನ್ನೂ ಸಂಗ್ರಹಿಸಿದ ಜಾನ್ ಫೇತ್‌ಫುಲ್ ಫ್ಲೀಟರೇ ಅವರು. ಶಾಸನದಲ್ಲಿ ಉಳಿದಿರುವುದು ಕೆಲವೇ ಪದಗಳು. ಯೌಧೇಯಗಣವು ಪುರಸ್ಕರಿಸಿದ, ಎಂದರೆ ತನ್ನ ಮುಂದಾಳೆಂದು ಮುಂದಿರಿಸಿದ, ಮಹಾರಾಜನೂ ಮಹಾಸೇನಾಪತಿಯೂ ಆದವನೊಬ್ಬನು, ಬ್ರಾಹ್ಮಣರೇ ಮೊದಲಾದ ಊರವರ ದೇಹಾರೋಗ್ಯಾದಿ ಕುಶಲವನ್ನು ವಿಚಾರಿಸಿ, ಬಳಿಕ ಬರೆಯಿಸುತ್ತಾನೆ. ಏನನ್ನು ಬರೆಯಿಸಹೊರಟನೋ ಅಷ್ಟರಲ್ಲಿ ಕಲ್ಲು ಮುರಿದಿದೆ. ನಮ್ಮ ಹಿರಿಯರು ಕಾಗದದ ತಲೆಯಲ್ಲಿ ‘ಉಭಯ ಕುಶಲೋಪರಿ’ ಎಂದು ಬರೆದು ಮುಂದಿನ ಮಾತಿಗೆ ಹೋಗುತ್ತಿದ್ದ ಮರ್ಯಾದೆಯೇ ಇದು. ‘ಮಹಾರಾಜ’ ಎಂಬ ಬಿರುದನ್ನು ಧರಿಸಿದವನೂ ಗಣದಿಂದ ಪುರಸ್ಕೃತನಾದವನೆಂದು ಹೇಳಿಕೊಳ್ಳಬೇಕಾಗಿದ್ದಿತು. ಅವನ ಅಧಿಕಾರದ ಮೂಲ ಅವನ ತಂದೆಯಲ್ಲ, ಅವನನ್ನು ಮುಂದಿರಿಸಿದ ಸಮೂಹ. ಈ ಒಂದು ಸಮಾಸಪದಕ್ಕೆ ನಾನು ಸಾಮ್ರಾಜ್ಯಗಳ ಹತ್ತು ಪ್ರಶಸ್ತಿಗಳಷ್ಟು ಬೆಲೆ ಕೊಡುತ್ತೇನೆ.

ಇನ್ನು ರೋಮಿನ ಕಡೆ ತಿರುಗೋಣ. ಅಲ್ಲಿಯೂ ಅರಸೊತ್ತಿಗೆಯ ಭಯವೇ ಸಂವಿಧಾನದ ಬೀಜ. ಒಬ್ಬನ ಕೈಯಲ್ಲಿ ಅಧಿಕಾರ ನಿಲ್ಲಬಾರದೆಂದು ಇಬ್ಬರು ಕಾನ್ಸಲರು. ಇಬ್ಬರಿಗೂ ಒಂದೇ ವರ್ಷದ ಅವಧಿ. ಒಬ್ಬನು ಮಾಡಹೊರಟದ್ದನ್ನು ಇನ್ನೊಬ್ಬನು ತಡೆಯಬಲ್ಲ. ವಿಪತ್ತಿನಲ್ಲಿ ಸರ್ವಾಧಿಕಾರಿಯೊಬ್ಬನನ್ನು ನೇಮಿಸುವುದುಂಟು, ಆದರೆ ಆರು ತಿಂಗಳಿಗೆ ಮೀರಿಯಲ್ಲ. ಸಲಹೆಗೆ ಸೆನೆಟ್ ಎಂಬ ವೃದ್ಧಸಭೆ. ಸಲಹೆಯೆಂಬ ಹೆಸರಿನಲ್ಲಿ ರಾಜ್ಯದ ನಿಜವಾದ ಚುಕ್ಕಾಣಿ ಅದರದೇ. ಸಾಮಾನ್ಯರು ಸಾಲದಲ್ಲಿ ಬೆಂದು, ಕ್ರಿ. ಪೂ. 494ರಲ್ಲಿ ನಗರವನ್ನೇ ಬಿಟ್ಟು ಗುಡ್ಡದ ಮೇಲೆ ಹೋಗಿ ಕುಳಿತರೆಂದೂ, ಅವರನ್ನು ಮರಳಿ ಕರೆತರಲು ಟ್ರಿಬ್ಯೂನರೆಂಬ ಪ್ರಜಾರಕ್ಷಕರನ್ನು ಒಪ್ಪಿಕೊಳ್ಳಬೇಕಾಯಿತೆಂದೂ ಪರಂಪರೆ ಹೇಳುತ್ತದೆ. ‘ಇದು ಸಲ್ಲದು’ ಎಂದು ಟ್ರಿಬ್ಯೂನನು ಹೇಳಿದರೆ ಕಾನ್ಸಲನ ಆಜ್ಞೆಯೂ ನಿಲ್ಲಬೇಕು. ಆ ಶತಮಾನದ ನಡುವಿನಲ್ಲಿ ಹನ್ನೆರಡು ಫಲಕಗಳ ಮೇಲೆ ಶಾಸನವನ್ನು ಬರೆದು ಎಲ್ಲರಿಗೂ ಕಾಣುವಂತಿಟ್ಟರು. 367ರ ಕಾಯಿದೆಯಿಂದ ಸಾಮಾನ್ಯರಿಗೂ ಕಾನ್ಸಲ ಪದವಿ ತೆರೆಯಿತು. 287ರಲ್ಲಿ ಅವರ ಸಭೆಯ ನಿರ್ಣಯವೇ ಎಲ್ಲರಿಗೂ ಕಾಯಿದೆಯಾಯಿತು. ಒಂದೊಂದು ಹಕ್ಕಿಗೂ ಒಂದೊಂದು ತಲೆಮಾರಿನ ಹಠ ಬೇಕಾಯಿತು. ರೋಮಿನಲ್ಲಿ ಒತ್ತೆಯಾಳಾಗಿದ್ದ ಪೊಲಿಬಿಯಸನೆಂಬ ಗ್ರೀಕ ಪಂಡಿತನು ಕಾನ್ಸಲರಲ್ಲಿ ರಾಜತ್ವವನ್ನೂ, ಸೆನೆಟಿನಲ್ಲಿ ಶ್ರೇಷ್ಠರ ಆಳ್ವಿಕೆಯನ್ನೂ, ಸಭೆಗಳಲ್ಲಿ ಪ್ರಜಾಧಿಕಾರವನ್ನೂ ಕಂಡು, ಮೂರೂ ಒಂದನ್ನೊಂದು ತಡೆದು ನಿಲ್ಲಿಸಿರುವುದೇ ಆ ರಾಜ್ಯದ ಬಲವೆಂದನು.

ಎಣಿಕೆಯ ವಿಷಯದಲ್ಲಿ ಮಾತ್ರ ರೋಮನ್ನರು ಸಮದೃಷ್ಟಿಯವರಾಗಿರಲಿಲ್ಲ. ಕಾನ್ಸಲರನ್ನು ಆರಿಸುವ ಮಹಾಸಭೆಯಲ್ಲಿ ಜನರನ್ನು 193 ತಂಡಗಳಾಗಿ ಹಂಚಿದ್ದರು. ತಂಡಕ್ಕೆ ಒಂದು ಮತ. ಕುದುರೆ ಸವಾರರ ಹದಿನೆಂಟು, ಮೊದಲ ಅಂತಸ್ತಿನ ಧನಿಕರ ಎಂಬತ್ತು, ಒಟ್ಟು 98 ತಂಡಗಳು ಒಮ್ಮತಕ್ಕೆ ಬಂದರೆ ಅಲ್ಲಿಗೆ ಬಹುಮತ ಮುಗಿಯಿತು. ಆಸ್ತಿಯಿಲ್ಲದ ಅಸಂಖ್ಯ ಬಡವರೆಲ್ಲ ಒಂದೇ ತಂಡದಲ್ಲಿ ತುಂಬಿಕೊಂಡು, ತಮ್ಮ ಸರದಿ ಬರುವ ಮೊದಲೇ ಮನೆಗೆ ಹಿಂದಿರುಗುವರು. ಅಲ್ಲಿ ಎಣಿಸುತ್ತಿದ್ದುದು ತಲೆಗಳನ್ನಲ್ಲ, ಅಂತಸ್ತನ್ನು.

ಈ ರಾಜ್ಯ ಬೆಳೆಯಿತು. ಮೊದಲು ನೆರೆಯ ವೇಯಿ, ಆಮೇಲೆ ಲ್ಯಾಟಿನರು, ಸ್ಯಾಮ್ನೈಟರು, ಇಟಲಿಯ ದಕ್ಷಿಣದ ಗ್ರೀಕರು, ಕ್ರಿ. ಪೂ. 264ರಿಂದ 146ರವರೆಗೆ ಕಾರ್ಥೇಜಿನೊಡನೆ ಮೂರು ಮಹಾಯುದ್ಧಗಳು. ಗೆದ್ದ ಊರಿಗೆ ಒಮ್ಮೆ ಪೂರ್ಣ ಪೌರತ್ವ, ಒಮ್ಮೆ ಅರೆ ಪೌರತ್ವ, ಒಮ್ಮೆ ಮೈತ್ರಿ ಎಂದು ಹಂತಹಂತವಾಗಿ ಕೊಟ್ಟು ತಮ್ಮ ಸೇನೆಗೆ ಜನ ಪಡೆದದ್ದೇ ಅವರ ಬೆಳವಣಿಗೆಯ ಗುಟ್ಟು. ಈ ಔದಾರ್ಯ ಗ್ರೀಕ ನಗರಗಳಲ್ಲಿ ಇರಲಿಲ್ಲ. ಆದರೆ ಮಿತ್ರರು ರಕ್ತ ಸುರಿಸಿದಷ್ಟು ಹಕ್ಕು ಪಡೆಯಲಿಲ್ಲ. ಕ್ರಿ. ಪೂ. 91ರಲ್ಲಿ ಅವರು ದಂಗೆಯೆದ್ದು ತಮ್ಮದೇ ನಾಣ್ಯ ಹೊರಡಿಸಿದರು. ಅದರ ಮೇಲೆ ಇಟಲಿಯ ಗೂಳಿ ರೋಮಿನ ತೋಳವನ್ನು ಕೊಂಬಿನಿಂದ ತಿವಿಯುತ್ತಿರುವ ಚಿತ್ರ. ರೋಹ್ಟಕಿನ ಅಚ್ಚುಗಳಲ್ಲಿ ಯೂಪದ ಮುಂದೆ ಗೂಳಿ ಶಾಂತವಾಗಿ ನಿಂತಿದ್ದುದೂ ಸರಿಸುಮಾರು ಅದೇ ಕಾಲ. ಹಾಗೆ ದಂಗೆಯೆದ್ದ ಮೇಲೆಯೇ ರೋಮು ಇಟಲಿಗೆಲ್ಲ ಪೌರತ್ವ ಕೊಟ್ಟಿತು.

ಅಷ್ಟರಲ್ಲಿ ಒಳಗಿನ ತೊಲೆಗೆ ಗೆದ್ದಲು ಹಿಡಿದಿತ್ತು. ದೂರದೇಶಗಳಲ್ಲಿ ವರ್ಷಗಟ್ಟಲೆ ಹೋರಾಡಿದ ರೈತಯೋಧನು ಮರಳಿ ಬಂದಾಗ ಅವನ ಹೊಲ ಧನಿಕನ ಪಾಲಾಗಿ, ಅದರಲ್ಲಿ ದಾಸರು ಉಳುತ್ತಿದ್ದರು. ಭೂಮಿಯನ್ನು ಬಡವರಿಗೆ ಹಂಚಹೊರಟ ಟೈಬೀರಿಯಸ್ ಗ್ರಾಕಸನನ್ನು 133ರಲ್ಲಿ ಸೆನೆಟಿನವರೇ ಹೊಡೆದು ಕೊಂದರು. ನನ್ನ ಮಟ್ಟಿಗೆ ರೋಮಿನ ಗಣರಾಜ್ಯ ಸತ್ತದ್ದು ಅಂದೇ, ಆಮೇಲಿನ ನೂರು ವರ್ಷ ಅದರ ಉತ್ತರಕ್ರಿಯೆ. ಮೇರಿಯಸನು ಭೂಮಿಯಿಲ್ಲದವರನ್ನು ಸೇನೆಗೆ ಸೇರಿಸಿಕೊಂಡನು. ಅಂಥ ಸೈನಿಕನಿಗೆ ಹೊಲ ಕೊಡಬಲ್ಲವನು ಸೇನಾಪತಿಯೇ ಹೊರತು ರಾಜ್ಯವಲ್ಲವಾದ್ದರಿಂದ, ಅವನ ನಿಷ್ಠೆಯೂ ಸೇನಾಪತಿಗೇ ಸಂದಿತು. ಸುಲ್ಲನು 88ರಲ್ಲಿ ರೋಮಿನ ಮೇಲೆಯೇ ರೋಮನ್ ಸೇನೆಯನ್ನು ನಡೆಸಿದನು. ಸೀಸರನು 49ರಲ್ಲಿ ರುಬಿಕಾನ್ ಹೊಳೆಯನ್ನು ದಾಟಿದನು.

ಈ ಪತನಕ್ಕೂ ನಾಣ್ಯವೇ ಸಾಕ್ಷಿ. ರೋಮಿನ ಬೆಳ್ಳಿಯ ನಾಣ್ಯದ ಮೇಲೆ ಮೊದಲು ಇದ್ದುದು ರೋಮಾ ದೇವಿಯ ಶಿರಸ್ಸು. ಬರಬರುತ್ತ ಟಂಕಸಾಲೆಯ ಅಧಿಕಾರಿಗಳು ತಮ್ಮ ಕುಲದ ಹಿರಿಯರನ್ನು ಕೊಂಡಾಡುವ ಚಿತ್ರಗಳನ್ನು ಹಾಕತೊಡಗಿದರು. ಕ್ರಿ. ಪೂ. 44ರ ಮೊದಲಲ್ಲಿ, ಸೀಸರನು ಆಜೀವ ಸರ್ವಾಧಿಕಾರಿಯಾದ ಸಮಯದಲ್ಲಿ, ಅವನ ಮುಖವೇ ನಾಣ್ಯದ ಮೇಲೆ ಬಂತು. ಬದುಕಿರುವ ರೋಮನ್ನನೊಬ್ಬನ ಮುಖ ರೋಮಿನ ಟಂಕಸಾಲೆಯಿಂದ ಹೊರಬಿದ್ದುದು ಅದೇ ಮೊದಲು. ಮಾರ್ಚ್ 15ರಂದು ಅವನನ್ನು ಇರಿದು ಕೊಂದರು. ಗಣರಾಜ್ಯವನ್ನು ಉಳಿಸುವೆನೆಂದು ಕತ್ತಿ ಹಿಡಿದ ಬ್ರೂಟಸನಾದರೂ ಏನು ಮಾಡಿದನು? ಎರಡು ವರ್ಷಗಳೊಳಗೆ ತಾನೇ ನಾಣ್ಯ ಹೊರಡಿಸಿದನು. ಹಿಂಬದಿಯಲ್ಲಿ ಎರಡು ಕಠಾರಿಗಳು, ಅವುಗಳ ನಡುವೆ ಬಿಡುಗಡೆಹೊಂದಿದ ದಾಸನು ಧರಿಸುವ ಟೋಪಿ. ಮುಂಬದಿಯಲ್ಲಿ ಬ್ರೂಟಸನ ಮುಖ. ನಮ್ಮ ಚಿತ್ರದುರ್ಗದ ಬಳಿ ಚಂದ್ರವಳ್ಳಿಯಲ್ಲಿ ನೆಲ ಅಗೆದಾಗ ದೊರೆತ ರೋಮಿನ ಬೆಳ್ಳಿಯ ನಾಣ್ಯಗಳು ಆಗಸ್ಟಸ್, ಟೈಬೀರಿಯಸ್ ಎಂಬ ಚಕ್ರವರ್ತಿಗಳವು. ಕನ್ನಡ ನೆಲಕ್ಕೆ ರೋಮು ವ್ಯಾಪಾರಕ್ಕೆ ಬರುವ ಹೊತ್ತಿಗೆ ಅಲ್ಲಿ ಗಣರಾಜ್ಯ ಅಳಿದು ಒಬ್ಬನ ಮುಖ ಉಳಿದಿತ್ತು.

ಯೌಧೇಯರನ್ನು ಮುಗಿಸಿದ್ದು ಅವರ ಸೇನಾಪತಿಗಳಲ್ಲ, ಹೊರಗಿನ ಸಾಮ್ರಾಟರು. ಕ್ರಿ. ಶ. 150ರ ಸುಮಾರಿನ ಜುನಾಗಢದ ಶಾಸನದಲ್ಲಿ ಶಕ ದೊರೆ ರುದ್ರದಾಮನು, ಕ್ಷತ್ರಿಯರೆಲ್ಲರ ನಡುವೆ ವೀರರೆಂಬ ಹೆಸರು ಪಡೆದ ಹೆಮ್ಮೆಯಿಂದ ಯಾರಿಗೂ ಬಗ್ಗದಿದ್ದ ಯೌಧೇಯರನ್ನು ತಾನು ಬಲಾತ್ಕಾರವಾಗಿ ಕಿತ್ತೊಗೆದೆನೆಂದು ಬೀಗುತ್ತಾನೆ. ಶತ್ರುವಿನ ಬಾಯಿಂದ ಬಂದ ಈ ಪ್ರಶಂಸೆಗಿಂತ ಹೆಚ್ಚಿನದು ಯಾವ ಗಣಕ್ಕೆ ಬೇಕು? ಅವನ ಮಾತು ಪೂರ್ತಿ ನಿಜವಾಗಲೂ ಇಲ್ಲ. ಕುಷಾಣರ ಬಲ ಕುಗ್ಗಿದ ಮೇಲೆ ಯೌಧೇಯರು ಮತ್ತೆ ಎದ್ದು, ಈಟಿ ಹಿಡಿದ ಕುಮಾರನ ಚಿತ್ರದೊಡನೆ ‘ಯೌಧೇಯಗಣಸ್ಯ ಜಯಃ’ ಎಂಬ ಬರಹವುಳ್ಳ ನಾಣ್ಯಗಳನ್ನು ಹೊರಡಿಸಿದರು. ಜಯ ಯಾರದು? ಗಣದ್ದು. ಕೊನೆಗೆ ನಾಲ್ಕನೆಯ ಶತಮಾನದಲ್ಲಿ ಸಮುದ್ರಗುಪ್ತನ ಪ್ರಯಾಗದ ಸ್ತಂಭಶಾಸನದಲ್ಲಿ, ಕಪ್ಪವಿತ್ತು ಆಜ್ಞೆಗೆ ತಲೆಬಾಗಿದವರ ಪಟ್ಟಿಯಲ್ಲಿ, ಮಾಳವ ಆರ್ಜುನಾಯನರ ಜೊತೆಗೆ ಅವರ ಹೆಸರು ಕಾಣುತ್ತದೆ. ಆಮೇಲೆ ಅವರ ನಾಣ್ಯಗಳಿಲ್ಲ.

ಅವರ ನೆನಪು ನಮ್ಮ ಕಡೆಗೂ ಬಂದಿತ್ತು, ಆದರೆ ಬೇರೊಂದು ರೂಪದಲ್ಲಿ. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಳುಕ್ಯ ಮನೆತನದ ನೆರಳಿನಲ್ಲಿಯೇ ಸೋಮದೇವಸೂರಿಯು ಕ್ರಿ. ಶ. 959ರಲ್ಲಿ ಯಶಸ್ತಿಲಕ ಚಂಪುವನ್ನು ಮುಗಿಸಿದನು. ಅದರ ಕಥೆ ತೆರೆಯುವುದು ಸಮೃದ್ಧವಾದ ಯೌಧೇಯ ದೇಶದಲ್ಲಿ, ಮಾರಿದತ್ತನೆಂಬ ಅರಸನ ರಾಜಪುರದಲ್ಲಿ. ಈ ಮಾರಿದತ್ತ, ಆ ಚಂಡಮಾರಿಯ ಗುಡಿ ಇವು 1209ರ ಜನ್ನನ ಯಶೋಧರ ಚರಿತೆಯನ್ನು ಓದಿದವರಿಗೆಲ್ಲ ಪರಿಚಿತ. ಸಮುದ್ರಗುಪ್ತನ ಬಳಿಕ ಆರುನೂರು ವರ್ಷಗಳಲ್ಲಿ ನಾಡಿನ ಹೆಸರು ಉಳಿಯಿತು, ಅದರ ಸಿರಿಯ ಖ್ಯಾತಿಯೂ ಉಳಿಯಿತು. ಆ ನಾಡು ಅರಸನ ಹೆಸರಿಲ್ಲದೆ ನಾಣ್ಯ ಹೊರಡಿಸಿ ಬಾಳಿತೆಂಬುದು ಮಾತ್ರ ಮರೆತುಹೋಗಿ, ಕವಿ ಅಲ್ಲಿಗೊಬ್ಬ ಅರಸನನ್ನು ಕೂಡಿಸಿದನು. ಜನ ಗಣರಾಜ್ಯವನ್ನು ಮರೆಯುವ ಬಗೆ ಇದು. ರಾಜನಿಲ್ಲದ ನಾಡನ್ನು ಊಹಿಸುವುದೇ ಅವರಿಗೆ ಅಸಾಧ್ಯವಾಗುತ್ತದೆ. ಇದರಿಂದ ನನಗೆ ನೋವಾಗುತ್ತದೆ.

ಯೌಧೇಯರ ಗಣವನ್ನು ಇಂದಿನ ಅರ್ಥದ ಪ್ರಜಾಪ್ರಭುತ್ವವೆಂದು ಹೊಗಳುವುದು ಸರಿಯಲ್ಲ. ಆಯುಧ ಹಿಡಿದ ಕುಲಗಳವರ ಗಣ ಅದು. ರೋಮಿನಲ್ಲಿ ಹೆಂಗಸಿಗೂ ದಾಸನಿಗೂ ಮತವಿಲ್ಲದಿದ್ದಂತೆ ಇಲ್ಲಿಯೂ ಗಣದ ಹೊರಗೆ ದುಡಿಯುವ ಜನ ಇದ್ದಿರಲೇಬೇಕು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಮಾತನಾಡುತ್ತ, ಭಾರತದಲ್ಲಿ ಹಿಂದೆ ಗಣರಾಜ್ಯಗಳಿದ್ದುದನ್ನೂ ಬೌದ್ಧಸಂಘಗಳು ಸಭಾನಿಯಮಗಳನ್ನು ಬಲ್ಲವಾಗಿದ್ದುದನ್ನೂ ನೆನೆದು, ಆ ಪದ್ಧತಿಯನ್ನು ಈ ದೇಶ ಒಮ್ಮೆ ಕಳೆದುಕೊಂಡಿತು, ಇನ್ನೊಮ್ಮೆಯೂ ಕಳೆದುಕೊಂಡೀತೇ ಎಂದು ಕೇಳಿದರು. ಅದಾದ ಎರಡು ತಿಂಗಳಿಗೆ, 1950ರ ಜನವರಿ 26ರ ಬೆಳಿಗ್ಗೆ, ವೈಸರಾಯರ ದರ್ಬಾರು ನಡೆದ ಅದೇ ಅರಮನೆಯ ದರ್ಬಾರ್ ಹಾಲಿನಲ್ಲಿ ರಾಜೇಂದ್ರಪ್ರಸಾದರು ಪ್ರಮಾಣವಚನ ಸ್ವೀಕರಿಸಿದರು. 2024ರ ಜುಲೈಯಲ್ಲಿ ಆ ಸಭಾಂಗಣಕ್ಕೆ ‘ಗಣತಂತ್ರ ಮಂಟಪ’ವೆಂದು ಹೆಸರಾಯಿತು. ಮೊದಲ ಮಹಾಚುನಾವಣೆಯಲ್ಲಿ ಸುಮಾರು ಹದಿನೇಳು ಕೋಟಿ ಮೂವತ್ತು ಲಕ್ಷ ಮತದಾರರು; ಆಸ್ತಿ ಕೇಳಲಿಲ್ಲ, ಆಯುಧ ಕೇಳಲಿಲ್ಲ, ಗಂಡೋ ಹೆಣ್ಣೋ ಕೇಳಲಿಲ್ಲ, ತಲೆಗೊಂದು ಎಣಿಕೆ.

ದೆಹಲಿಯಲ್ಲಿರುವ ಕನ್ನಡಿಗರು ಊರಿನಿಂದ ಬಂದ ನೆಂಟರನ್ನು ಕುತುಬ್ ಮಿನಾರಿಗೂ ಆಗ್ರಾಕ್ಕೂ ಕರೆದೊಯ್ಯುತ್ತಾರೆ; ಒಂದು ದಿನ ರೋಹ್ಟಕಿಗೂ ಕರೆದೊಯ್ಯಲಿ. ಹೋಗುವ ಮೊದಲು, ಮನೆಯ ಹಳೆಯ ಡಬ್ಬಿಯಲ್ಲಿ 1950ರ ಒಂದು ರೂಪಾಯಿ ಸಿಕ್ಕೀತೇ ಎಂದು ಹುಡುಕಲಿ. ಆ ವರ್ಷದ ಆಗಸ್ಟ್ 15ರಂದು ಹೊರಟ ಹೊಸ ನಾಣ್ಯಗಳಲ್ಲಿ ಜಾರ್ಜ್ ದೊರೆಯ ಮುಖವನ್ನು ತೆಗೆದು ಅಲ್ಲಿ ಸಾರನಾಥದ ಸಿಂಹಗಳನ್ನಿಟ್ಟರು. ರೂಪಾಯಿಯ ಹಿಂಬದಿಯಲ್ಲಿ ಇರುವುದು ಧಾನ್ಯದ ತೆನೆ.